ಪಿಪ್ ಯಾಕೆ ಕುಲುಮೆಗೆ ವಾಪಸ್ ಹೋಗ್ಲಿಲ್ಲ? (ಡಿಕನ್ಸ್, ಬ್ರಾಂಟೆ, ಹಾರ್ಡಿ ಓದಿದವರು ಬನ್ನಿ)

ಹಳೇಪುಸ್ತಕ:
ಡಿಕನ್ಸ್‌ನ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ ಮತ್ತೆ ಓದಿ ಮುಗಿಸಿದೆ. ಡಿಗ್ರಿಯಲ್ಲಿದ್ದಾಗ ಪರೀಕ್ಷೆಗೆ ಅಂತ ಓದಿದ್ದು, ಈಗ ನಿಧಾನವಾಗಿ ಓದಿದ್ಮೇಲೆ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ. ಆಗ ನಮಗೆ ನೋಟ್ಸ್‌ನಲ್ಲಿ ಬರೆಸಿದ್ದು ಇಷ್ಟೇ, ಪಿಪ್ ಹಳ್ಳಿಯ ಒಳ್ಳೇ ಹುಡುಗ, ದುಡ್ಡು ಬಂತು ಕೆಟ್ಟ, ದುಡ್ಡು ಹೋಯ್ತು ಬುದ್ಧಿ ಬಂತು, ಭಾವ ಜೋ ಹತ್ರ ಕ್ಷಮೆ ಕೇಳಿದ, ಅಲ್ಲಿಗೆ ಬೆಳೆದ. ಸರಿ, ಆದ್ರೆ ಬುದ್ಧಿ ಬಂದ್ಮೇಲೆ ಅವನು ಜೋ ಪಕ್ಕದಲ್ಲಿ ನಿಂತು ಸುತ್ತಿಗೆ ಹಿಡಿಯಲ್ವಲ್ಲ? ಕೈರೋಗೆ ಹೋಗ್ತಾನೆ, ಕ್ಲರ್ಕ್ ಆಗ್ತಾನೆ, ಆಮೇಲೆ ಕಂಪನಿಯಲ್ಲಿ ಪಾಲುದಾರನೂ ಆಗ್ತಾನೆ, 11 ವರ್ಷ ಜೋ ಮುಖ ನೋಡಲ್ಲ. ಹಾಗಾದ್ರೆ ಬದಲಾಗಿದ್ದು ಏನು? ಮೇಲಿನ ವರ್ಗಕ್ಕೆ ಹೋಗ್ಬೇಕು ಅನ್ನೋ ಆಸೆ ತಪ್ಪು ಅಂತ ಕಾದಂಬರಿ 58 ಅಧ್ಯಾಯ ಹೇಳಿ ಕೊನೆಗೆ ಅವನನ್ನ ಮಧ್ಯಮ ವರ್ಗದಲ್ಲೇ ಕೂರಿಸಿಬಿಡುತ್ತಾ? ಓದಿದವರು ಏನನ್ಸುತ್ತೆ ಹೇಳಿ.

ಬಯಲುಸೀಮೆ:
ವಾಪಸ್ ಹೋಗಬೇಕು ಅಂತ ಅವನಿಗೂ ಅನಿಸಿತ್ತಲ್ರಿ. ಊರಿನ ಹಳೇ ಗೆಳತಿ ಬಿಡ್ಡಿ ಮುಂದ ಏನ್ ಹೇಳಬೇಕು ಅಂತ ಮನಸಿನ್ಯಾಗ ಸಿದ್ಧ ಮಾಡ್ಕೊಂಡಿರ್ತಾನ ನೋಡ್ರಿ, ಜೋ ಜೋಡಿ ಕುಲುಮ್ಯಾಗ ಕೆಲಸ ಮಾಡ್ಲೋ, ಇಲ್ಲೇ ಬ್ಯಾರೆ ಕೆಲಸ ಹುಡುಕ್ಲೋ, ಇಬ್ರೂ ದೂರ ಎಲ್ಲರ ಹೋಗೂಣೋ, ನೀ ಹೇಳಿದಂಗ ಅಂತ. ಊರಿಗೆ ಹೋಗಿ ನೋಡಿದ್ರ ಅವತ್ತೇ ಬಿಡ್ಡಿ ಮತ್ತ ಜೋ ಮದುವಿ. ಅಲ್ಲಿಗೆ ಆ ದಾರಿ ಮುಚ್ಚಿತು.

ಇನ್ನೊಂದು ಮಾತು ಅದ. ಪಿಪ್ ಜೋ ಹತ್ರ ಅಪ್ರೆಂಟಿಸ್ ಆಗಿದ್ದ, ಕಾಗದ ಪತ್ರ ಮಾಡಿ, ಕೋರ್ಟಿನ್ಯಾಗ ಸಹಿ ಹಾಕಿಸಿ. ಊರಿನ ಸಾಹುಕಾರ ಹೆಂಗಸು ಮಿಸ್ ಹ್ಯಾವಿಶಮ್ 25 ಗಿನಿ ಕೊಟ್ಟಿದ್ಲು ಅದಕ್ಕ. ನಾಲ್ಕನೇ ವರ್ಷದಾಗ ವಕೀಲ ಜ್ಯಾಗರ್ಸ್ ಬಂದು ನಿನಗ ದೊಡ್ಡ ಆಸ್ತಿ ಬರೂದದ ಅಂತ ಹೇಳಿದ ಮ್ಯಾಲೆ ಆ ಕರಾರು ಪತ್ರ ತಂದು ಬೆಂಕಿಗೆ ಹಾಕ್ತಾರ. ಹುಡುಗ ಹೋದ್ರ ನಿನಗ ನಷ್ಟ, ಎಷ್ಟು ಕೊಡ್ಬೇಕು ಅಂತ ಜ್ಯಾಗರ್ಸ್ ಕೇಳಿದಾಗ ಜೋ ಸಿಟ್ಟಿಗೆದ್ದು ಹೊಡ್ಯಾಕ ಹೋಗ್ತಾನ, ಒಂದು ಪೈಸಾ ತಗೊಳೂದಿಲ್ಲ. ಅಂದ್ರ ಪಿಪ್‌ಗೆ ಕಮ್ಮಾರಿಕಿ ಪೂರ್ತಿ ಬರೂದಿಲ್ಲ, ಜೆಂಟಲ್‌ಮನ್ ಆಗಿ ಕಲಿತದ್ದು ಹೊಟ್ಟಿಗೆ ಬರೂದಿಲ್ಲ. ಲಂಡನ್‌ನ್ಯಾಗ ಪಾಠ ಹೇಳೋ ಪಾಕೆಟ್ ಸಾಹೇಬ್ರಿಗೆ ಜ್ಯಾಗರ್ಸ್ ಹೇಳಿದ್ದೇ ಅದು, ಈ ಹುಡುಗಗ ಯಾವ ಉದ್ಯೋಗದ ತರಬೇತಿನೂ ಬ್ಯಾಡ, ಉಳ್ಳವರ ಮಕ್ಕಳ ನಡುವ ನಿಂತ್ರ ಸಾಕು ಅಂತ. 23 ವರ್ಷದ ಹುಡುಗನ ಕೈಯಾಗ ಯಾವ ಕಸಬೂ ಉಳಿಸಿರಲಿಲ್ಲ ಆ ದುಡ್ಡು.

ಮಳೆನಾಡು_ಓದು:
+1 ಬಯಲುಸೀಮೆ ಅವರಿಗೆ. ಕೆಲಸ ಮಾಡದೇ ಇರೋದೇ ಅರ್ಹತೆ ಅನ್ನೋ ವ್ಯವಸ್ಥೆ ಅದು.

ಕಡಲತೀರ:
ನಂಗೆ ಈ ಕಾದಂಬರಿ ಅಂದ್ರೆ 27ನೇ ಅಧ್ಯಾಯ, ಜೋ ಲಂಡನ್‌ಗೆ ಬರೋದು. ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ ಯಾಕಂದ್ರೆ ಹಳೇಪುಸ್ತಕ ಅವರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನ್ಸುತ್ತೆ.

ಬಿಡ್ಡಿ ಕಾಗದ ಬರೀತಾಳೆ, ಜೋ ನಾಳೆ ಬರ್ತಾನೆ ಅಂತ. ಪಿಪ್‌ಗೆ ಖುಷಿ ಆಗಲ್ಲ, ದುಡ್ಡು ಕೊಟ್ಟು ತಡೆಯೋಕಾಗಿದ್ರೆ ಕೊಟ್ಟುಬಿಡ್ತಿದ್ದೆ ಅಂತ ಅವನೇ ಒಪ್ಕೊಳ್ತಾನೆ. ಜೋ ಮೆಟ್ಟಿಲು ಹತ್ತೋ ಸದ್ದು, ಬಾಗಿಲ ಮೇಲೆ ಬರೆದಿರೋ ಹೆಸರನ್ನ ಬೆರಳಿಟ್ಟು ಓದೋ ಸದ್ದು ಒಳಗೆ ಕೇಳಿಸುತ್ತೆ. ಒಳಗೆ ಬಂದ್ಮೇಲೆ ಟೋಪಿ ಎಲ್ಲಿಡಬೇಕು ಅಂತ ಗೊತ್ತಾಗದೆ ಬೆಂಕಿಗೂಡಿನ ಮೇಲಿನ ಹಲಗೆಯ ಅಂಚಿನಲ್ಲಿಡ್ತಾನೆ, ಅದು ಬೀಳುತ್ತೆ, ಹಿಡೀತಾನೆ, ಮತ್ತೆ ಅಲ್ಲೇ ಇಡ್ತಾನೆ, ಮತ್ತೆ ಬೀಳುತ್ತೆ. ಪಿಪ್‌ನ ಕೆಲವು ಸಲ ಪಿಪ್ ಅಂತಾನೆ, ಕೆಲವು ಸಲ ಸರ್ ಅಂತಾನೆ. ಪಿಪ್‌ಗೆ ಅವನ ಮೇಲೆ ಸಿಟ್ಟು ಬರುತ್ತೆ. ಆಮೇಲೆ ಒಂದು ಸಾಲಲ್ಲಿ ಹೇಳ್ತಾನೆ, ನಾನು ಸರಳವಾಗಿದ್ದಿದ್ರೆ ಜೋ ಕೂಡ ಸರಳವಾಗಿರ್ತಿದ್ದ ಅಂತ. ಅಷ್ಟು ಸ್ಪಷ್ಟವಾಗಿ ತನ್ನನ್ನ ನೋಡ್ಕೊಳ್ಳೋ ನಿರೂಪಕ ವಿಕ್ಟೋರಿಯನ್ ಕಾದಂಬರಿಗಳಲ್ಲಿ ನಂಗೆ ಕಡಿಮೆ ಸಿಕ್ಕಿದ್ದು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಜೋ ಬಂದಿದ್ದನ್ನ ಗೆಳೆಯ ಹರ್ಬರ್ಟ್ ನೋಡಿದ್ರೆ ಪಿಪ್‌ಗೆ ತೊಂದ್ರೆ ಇಲ್ಲ, ಹರ್ಬರ್ಟ್ ತಂದೆ ನೋಡಿದ್ರೂ ಪರವಾಗಿಲ್ಲ, ಅವರಿಬ್ಬರ ಮೇಲೆ ಅವನಿಗೆ ಗೌರವ ಇದೆ. ಆದ್ರೆ ಡ್ರಮ್ಮಲ್ ನೋಡಬಾರದು. ಡ್ರಮ್ಮಲ್ ಅಂದ್ರೆ ಶ್ರೀಮಂತರ ಮನೆಯ ದಡ್ಡ, ಒರಟ, ಪಿಪ್‌ಗೆ ಅವನನ್ನ ಕಂಡ್ರೆ ಆಗಲ್ಲ. ನಾವು ಯಾರನ್ನ ಕೀಳಾಗಿ ನೋಡ್ತೀವೋ ಅವರ ಕಣ್ಣಿಗೆ ಚೆನ್ನಾಗಿ ಕಾಣೋಕೆ ನಮ್ಮ ಅತಿ ಸಣ್ಣ ಕೆಲಸಗಳನ್ನ ಮಾಡ್ತೀವಿ ಅನ್ನೋ ಅರ್ಥದಲ್ಲಿ ಪಿಪ್ ಹೇಳ್ತಾನೆ. ಹಾಸ್ಟೆಲ್‌ನಲ್ಲಿದ್ದಾಗ ಅಪ್ಪ ಊರಿಂದ ಮೀನಿನ ಬುಟ್ಟಿ ಬಸ್ಸಲ್ಲಿ ಹಾಕ್ಕೊಂಡು ಹಾಗೇ ನನ್ನ ನೋಡೋಕೆ ಬಂದಿದ್ರು, ನಾನು ಗೇಟ್ ಹತ್ರಾನೇ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದೆ. ಕಿಟಕಿಯಿಂದ ನೋಡ್ತಿದ್ದವರಲ್ಲಿ ಒಬ್ಬನ ಹೆಸರೂ ಈಗ ನೆನಪಿಲ್ಲ.

ಈಗ ಇದರ ಪಕ್ಕದಲ್ಲಿ ಮ್ಯಾಗ್ವಿಚ್ ವಿಚಾರಣೆ ಇಟ್ಟು ನೋಡಿ. ಆಸ್ಟ್ರೇಲಿಯಾಕ್ಕೆ ಜೀವಾವಧಿ ಗಡೀಪಾರಾದ ಕೈದಿ, ವಾಪಸ್ ಬಂದಿದ್ದಕ್ಕೆ ಮರಣದಂಡನೆ. ಕೋರ್ಟ್ ಹಾಲ್ ತುಂಬಾ ಜನ, ಗ್ಯಾಲರಿಯಲ್ಲಿ ನಾಟಕ ನೋಡೋ ಹಾಗೆ ಕೂತಿದ್ದಾರೆ, 32 ಜನಕ್ಕೆ ಒಟ್ಟಿಗೆ ಶಿಕ್ಷೆ ಓದ್ತಾರೆ. ಪಿಪ್ ಕಟಕಟೆ ಪಕ್ಕ ನಿಂತು ಮ್ಯಾಗ್ವಿಚ್ ಕೈ ಹಿಡ್ಕೊಂಡಿರ್ತಾನೆ. ಎಲ್ಲರೂ ನೋಡ್ತಿದ್ದಾರೆ, ಬಿಡಲ್ಲ. ಡ್ರಮ್ಮಲ್ ಒಬ್ಬ ನೋಡ್ತಾನೆ ಅಂತ ಜೋನ ಬಚ್ಚಿಡೋಕೆ ಹೊರಟಿದ್ದವನು ಇವನೇ. ನನ್ನ ಪ್ರಕಾರ ಬೆಳವಣಿಗೆ ಅಂದ್ರೆ ಆ ಎರಡು ದೃಶ್ಯಗಳ ನಡುವೆ ಆಗಿದ್ದು. ಆಮೇಲೆ ಕುಲುಮೆಗೆ ಹೋದ್ನಾ ಕೈರೋಗೆ ಹೋದ್ನಾ ಅನ್ನೋದು ಎರಡನೇ ಮಾತು.

ಹಳೇಪುಸ್ತಕ:
ಕಡಲತೀರ, ಆ ಎರಡು ದೃಶ್ಯ ಜೋಡಿಸಿದ್ದು ತುಂಬಾ ಹಿಡಿಸ್ತು. ಆದ್ರೂ ಎರಡನೇ ಮಾತು ಅಂತ ಬಿಡೋಕೆ ಮನಸ್ಸು ಒಪ್ತಿಲ್ಲ. ಯಾಕಂದ್ರೆ ಕೋರ್ಟ್ ದೃಶ್ಯ ಆದ್ಮೇಲೆ ಪಿಪ್ ಜ್ವರದಲ್ಲಿ ಬೀಳ್ತಾನೆ, ಸಾಲಕ್ಕೆ ಅವನನ್ನ ಅರೆಸ್ಟ್ ಮಾಡೋಕೆ ಬಂದಿರ್ತಾರೆ, ಆಭರಣದ ಅಂಗಡಿಯ ಬಾಕಿ 123 ಪೌಂಡ್ 15 ಶಿಲಿಂಗ್ 6 ಪೆನ್ಸ್. ಜೋ ಬಂದು ವಾರಗಟ್ಟಲೆ ಆರೈಕೆ ಮಾಡ್ತಾನೆ. ಪಿಪ್‌ಗೆ ಮೈಯಲ್ಲಿ ಶಕ್ತಿ ಬರ್ತಾ ಬರ್ತಾ ಜೋ ಬಾಯಲ್ಲಿ ಮತ್ತೆ ಸರ್ ಬರೋಕೆ ಶುರುವಾಗುತ್ತೆ! ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಜೋ ಹೊರಟುಹೋಗಿದ್ದಾನೆ, ಚೀಟಿ ಇಟ್ಟಿದ್ದಾನೆ, ಜೊತೆಗೆ ಸಾಲ ಪೂರ್ತಿ ತೀರಿಸಿದ ರಸೀದಿ. ಕಮ್ಮಾರ ಕಷ್ಟಪಟ್ಟು ಕೂಡಿಟ್ಟಿದ್ದು ಅದು. ಪಿಪ್ ಮನಸ್ಸು ಬದಲಾಯ್ತು ಸರಿ, ಅವರಿಬ್ಬರ ನಡುವಿನ ಅಂತರ ಹಾಗೇ ಉಳೀತಲ್ಲ. ವರ್ಗ ಅನ್ನೋದು ಒಬ್ಬನ ಮನಸ್ಸಲ್ಲಿ ಮಾತ್ರ ಇದ್ದಿದ್ರೆ ಹೀಗಾಗ್ತಿರಲಿಲ್ಲ.

ಕೆಂಟ್_ಕನ್ನಡಿಗ:
ನಾನು ಇಂಗ್ಲೆಂಡಿನ ಕೆಂಟ್‌ನಲ್ಲಿ ಮೆಡ್ವೇ ನದಿ ಹತ್ರಾನೇ ಇರೋದು, ಹಾಗಾಗಿ ಪಿಪ್ ಊರಿನ ಕಡೆಯಿಂದ ಒಂದೆರಡು ಮಾತು. ಕೂಲಿಂಗ್ ಅನ್ನೋ ಹಳ್ಳಿಯ ಚರ್ಚ್ ಅಂಗಳದಲ್ಲಿ 13 ಪುಟ್ಟ ಮಕ್ಕಳ ಸಮಾಧಿ ಕಲ್ಲುಗಳಿವೆ, ಪಿಪ್‌ನ ತೀರಿಹೋದ ತಮ್ಮ ಅಣ್ಣಂದಿರ ಸಮಾಧಿ ಅಂತ ಕಾದಂಬರಿಯಲ್ಲಿ ಬರೋದು 5, ಡಿಕನ್ಸ್ ಕಡಿಮೆ ಮಾಡಿ ಬರೆದಿದ್ದಾನೆ. ಸುತ್ತ ಜೌಗು ನೆಲ, ಆಚೆ ಥೇಮ್ಸ್. ಹಲ್ಕ್ ಅಂತ ಬರುತ್ತಲ್ಲ, ಹಳೇ ಯುದ್ಧನೌಕೆಗಳನ್ನ ಜೈಲು ಮಾಡಿದ್ದು, ಅವು ಈ ಕಡೆ ನೀರಲ್ಲೇ ನಿಂತಿರ್ತಿದ್ವು. ರಾಚೆಸ್ಟರ್ ಊರೊಳಗಿನ ರೆಸ್ಟೊರೇಶನ್ ಹೌಸ್ ಅನ್ನೋ ಮನೆಯೇ ಮಿಸ್ ಹ್ಯಾವಿಶಮ್ ಮನೆಗೆ ಮಾದರಿ.

ಇದಕ್ಕೆಲ್ಲ ಹತ್ರಾನೇ ಗ್ಯಾಡ್ಸ್ ಹಿಲ್ ಅನ್ನೋ ಮನೆ ಇದೆ. ಡಿಕನ್ಸ್ ಚಿಕ್ಕವನಿದ್ದಾಗ ಅಪ್ಪನ ಜೊತೆ ಆ ಮನೆ ಮುಂದೆ ಹೋಗ್ತಿದ್ದ, ಕಷ್ಟಪಟ್ಟು ದುಡಿದ್ರೆ ಒಂದಿನ ಇಂಥ ಮನೆಯಲ್ಲಿ ಇರ್ಬಹುದು ಅಂತ ಅಪ್ಪ ಹೇಳ್ತಿದ್ದನಂತೆ. 1856ರಲ್ಲಿ ಅದೇ ಮನೆಯನ್ನ ಕೊಂಡ. ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ ಬರೆಯೋ ಹೊತ್ತಿಗೆ ಅಲ್ಲೇ ಇದ್ದ. ಮೇಲೆ ಹೋಗೋ ಆಸೆ ಸುಳ್ಳು ಅಂತ ಅವನು ಹೇಳೋಕೆ ಹೇಗೆ ಸಾಧ್ಯ, ಆಸೆ ಈಡೇರಿದ ಮನೆಯಲ್ಲಿ ಕೂತು ಬರೀತಿದ್ದ.

ಮಳೆನಾಡು_ಓದು:
ಇದಕ್ಕೆ ಸೇರಿಸ್ತೀನಿ. 1824ರಲ್ಲಿ ಡಿಕನ್ಸ್‌ಗೆ 12 ವರ್ಷ, ಅಪ್ಪ ಸಾಲ ತೀರಿಸಲಾಗದೆ ಮಾರ್ಷಲ್ಸೀ ಜೈಲಿಗೆ ಹೋದ, ಹುಡುಗನ್ನ ಬೂಟ್ ಪಾಲಿಶ್ ತಯಾರಿಸೋ ಕಾರ್ಖಾನೆಗೆ ಹಾಕಿದ್ರು, ವಾರಕ್ಕೆ 6 ಶಿಲಿಂಗ್. ಡಬ್ಬಿಗಳಿಗೆ ಕಾಗದ ಮುಚ್ಚಿ ದಾರ ಕಟ್ಟಿ ಲೇಬಲ್ ಅಂಟಿಸೋದು. ಆಮೇಲೆ ಕಾರ್ಖಾನೆ ಬೇರೆ ಕಡೆಗೆ ಹೋದಾಗ ಕಿಟಕಿ ಹತ್ರ ಕೂತು ಕೆಲಸ ಮಾಡ್ಬೇಕಿತ್ತು, ಹುಡುಗರ ಕೈಚಳಕ ನೋಡೋಕೆ ಬೀದಿಯಲ್ಲಿ ಹೋಗೋರೆಲ್ಲ ನಿಲ್ತಿದ್ರು. ಅಪ್ಪ ಜೈಲಿಂದ ಬಿಡುಗಡೆ ಆದ್ಮೇಲೂ ಅಮ್ಮ ಅವನನ್ನ ಮತ್ತೆ ಅಲ್ಲಿಗೇ ಕಳಿಸೋಕೆ ನೋಡಿದ್ಲು, ಅದನ್ನ ಅವನು ಕೊನೇವರೆಗೂ ಮರೀಲಿಲ್ಲ. ಈ ವಿಷಯ ಅವನು ಬದುಕಿದ್ದಾಗ ಓದುಗರಿಗೆ ಗೊತ್ತೇ ಇರಲಿಲ್ಲ, 1870ರಲ್ಲಿ ತೀರಿಕೊಂಡ ಮೇಲೆ ಸ್ನೇಹಿತ ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಿಂದ ಹೊರಗೆ ಬಂತು. ಕೈ ಕೆಲಸ ಮಾಡ್ತಾ ಜನರ ಕಣ್ಣಿಗೆ ಬೀಳೋದು ಅಂದ್ರೆ ಏನು ಅಂತ ಅವನಿಗೆ ಮೈಯಲ್ಲೇ ಗೊತ್ತಿತ್ತು. ಮಿಸ್ ಹ್ಯಾವಿಶಮ್ ಸಾಕುಮಗಳು ಎಸ್ಟೆಲ್ಲಾ ಪಿಪ್‌ನ ಒರಟು ಕೈ, ದಪ್ಪ ಬೂಟು ನೋಡಿ ನಕ್ಕಿದ್ದನ್ನ ಓದುವಾಗ ನಂಗೆ ಆ ಕಿಟಕಿ ನೆನಪಾಗುತ್ತೆ.

ಹಾಗಾಗಿ ಹಳೇಪುಸ್ತಕ ಅವರ ಪ್ರಶ್ನೆಗೆ ನನ್ನ ಉತ್ತರ: ಡಿಕನ್ಸ್ ಜೋನ ಪೂಜೆ ಮಾಡ್ತಾನೆ, ಆದ್ರೆ ತನ್ನ ನಾಯಕನನ್ನ ಕುಲುಮೆಗೆ ಕಳಿಸೋ ಧೈರ್ಯ ಅವನಿಗಿಲ್ಲ.

ಇರುವೆಸಾಲು:
ಧೈರ್ಯ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ದುಡ್ಡಿನ ಲೆಕ್ಕ ನೋಡಿ, ಯಾರೂ ಅದನ್ನ ಮುಟ್ಟಿಲ್ಲ ಇಲ್ಲಿ.

ಪಿಪ್‌ಗೆ 21 ತುಂಬಿದ ದಿನ ಜ್ಯಾಗರ್ಸ್ 500 ಪೌಂಡ್ ನೋಟು ಕೊಡ್ತಾನೆ, ವರ್ಷಕ್ಕೆ ಅಷ್ಟು ಅಂತ. ಅದು ಮ್ಯಾಗ್ವಿಚ್ ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಸಾಕಿ ದುಡಿದಿದ್ದು, ಪಿಪ್‌ಗೆ ಆಗ ಗೊತ್ತಿಲ್ಲ. ಅದರಲ್ಲಿ ಅರ್ಧ ತೆಗೆದು ಹರ್ಬರ್ಟ್‌ಗೆ ಗೊತ್ತಾಗದ ಹಾಗೆ ಅವನಿಗೆ ಕ್ಲ್ಯಾರಿಕರ್ ಅನ್ನೋ ಹಡಗು ವ್ಯಾಪಾರದವನ ಜೊತೆ ಪಾಲು ಕೊಡಿಸ್ತಾನೆ. ತನ್ನ ದೊಡ್ಡ ನಿರೀಕ್ಷೆಗಳಿಂದ ಕೊನೆಗೂ ಯಾರಿಗೋ ಒಳ್ಳೇದಾಯ್ತು ಅಂತ ಅವನು ಆ ರಾತ್ರಿ ಅಳ್ತಾನೆ. ಆಮೇಲೆ ಮ್ಯಾಗ್ವಿಚ್ ದುಡ್ಡು ಮುಟ್ಟಲ್ಲ ಅಂತ ನಿರ್ಧಾರ ಮಾಡ್ತಾನೆ, ಉಳಿದ ಕಂತಿಗೆ ಮಿಸ್ ಹ್ಯಾವಿಶಮ್ ಹತ್ರ 900 ಪೌಂಡ್ ಕೇಳ್ತಾನೆ, ತನಗೆ ಒಂದು ಪೆನ್ನಿ ಕೇಳಲ್ಲ. ಮ್ಯಾಗ್ವಿಚ್ ಆಸ್ತಿ ಪೂರ್ತಿ ಸರ್ಕಾರ ಮುಟ್ಟುಗೋಲು ಹಾಕ್ಕೊಳ್ಳುತ್ತೆ. ಆದ್ರೆ ಬೇರೆಯವನಿಗೆ ಅಂತ ಗುಟ್ಟಾಗಿ ಕೊಟ್ಟ ಆ ಮೊದಲನೇ ಭಾಗ ಮಾತ್ರ ಉಳ್ಕೊಳ್ಳುತ್ತೆ, ಅದೇ ಕಂಪನಿಯಲ್ಲಿ ಪಿಪ್ ಕ್ಲರ್ಕ್ ಆಗಿ ಸೇರ್ತಾನೆ, ಅದರಿಂದಲೇ ಬದುಕ್ತಾನೆ. ಅಂದ್ರೆ ಕೈದಿಯ ಕುರಿದುಡ್ಡು ಹರ್ಬರ್ಟ್ ಮೂಲಕ ಸುತ್ತಿ ಬಂದು ಪಿಪ್‌ನ ಸಾಕ್ತಾ ಇದೆ. ಇದು ಡಿಕನ್ಸ್‌ನ ಅಂಜಿಕೆ ಅಲ್ಲ, ಬಹಳ ಯೋಚನೆ ಮಾಡಿ ಕಟ್ಟಿದ್ದು. ಯಾರೂ ತಮ್ಮ ಮೇಲೇರಿಕೆಯ ಹಿಂದಿನ ದುಡಿಮೆಯಿಂದ ಪೂರ್ತಿ ಬಿಡಿಸಿಕೊಳ್ಳೋಕಾಗಲ್ಲ ಅಂತ ಅವನು ತೋರಿಸ್ತಿದ್ದಾನೆ.

ಮ್ಯಾಗ್ವಿಚ್ ಹೇಳೋದು ಕೇಳಿ. ಅಲ್ಲಿ ವಲಸೆ ಬಂದ ಸಾಹುಕಾರರು ಕುದುರೆ ಮೇಲೆ ಹೋಗ್ತಾ ಅವನ ಮೇಲೆ ಧೂಳು ಹಾರಿಸ್ತಿದ್ರಂತೆ, ಆಗ ಅವನು ಒಳಗೇ ಅಂದ್ಕೊಳ್ತಿದ್ದ, ನಾನು ಜೆಂಟಲ್‌ಮನ್ ಅಲ್ಲದೇ ಇರ್ಬಹುದು, ಒಬ್ಬ ಜೆಂಟಲ್‌ಮನ್‌ಗೆ ನಾನು ಮಾಲೀಕ ಅಂತ. ಪಿಪ್‌ಗೆ ಮೈ ನಡುಗೋದು ಅದಕ್ಕೇ. ಜೊತೆಗೆ ಕಾಂಪೆಸನ್ ಕೇಸ್. ಅವನೂ ಮ್ಯಾಗ್ವಿಚ್ ಕೂಡ ಹಿಂದೆ ಸೇರಿ ಮಾಡಿದ ಅಪರಾಧ, ಕಾಂಪೆಸನ್‌ಗೆ ಒಳ್ಳೇ ಬಟ್ಟೆ, ಗುಂಗುರು ಕೂದಲು, ಬಿಳೀ ಕರ್ಚೀಫು, ಓದಿದವನ ಮಾತು. ಆ ಕೇಸಲ್ಲಿ ಅವನಿಗೆ 7 ವರ್ಷ, ಮ್ಯಾಗ್ವಿಚ್‌ಗೆ 14. ಇನ್ನು ಎಸ್ಟೆಲ್ಲಾ, ಪಿಪ್‌ನ ಹೀಯಾಳಿಸಿದ ಆ ಮೇಲ್ವರ್ಗದ ಹುಡುಗಿ, ಯಾರ ಮಗಳು ಅಂತ ಕೊನೆಗೆ ಗೊತ್ತಾಗುತ್ತಲ್ಲ, ಇದೇ ಮ್ಯಾಗ್ವಿಚ್ ಮಗಳು.

ಬಯಲುಸೀಮೆ:
ಇರುವೆಸಾಲು ಅವರ ಲೆಕ್ಕ ಭಾಳ ಛಲೋ ಅದ. ಆದ್ರ ಹಡಗು ವ್ಯಾಪಾರ, ಕೈರೋ, ಆಸ್ಟ್ರೇಲಿಯಾ, ಇವೆಲ್ಲ ಎಲ್ಲಿಂದ ಬಂದ್ವು ಅಂತನೂ ನೋಡ್ರಿ. ಹರ್ಬರ್ಟ್ ಮೊದಲಿಂದ ಕನಸು ಕಾಣೂದೇ ಈಸ್ಟ್ ಇಂಡೀಸ್ ಜೋಡಿ ರೇಷ್ಮಿ, ಶಾಲು, ಮಸಾಲಿ ವ್ಯಾಪಾರ ಮಾಡಬೇಕಂತ. ಇಂಗ್ಲೆಂಡ್‌ನ್ಯಾಗ ಜಾಗ ಸಿಗಲಾರದವರಿಗೆ ಹೊರಗ ವಸಾಹತುಗಳೊಳಗ ಜಾಗ ಮಾಡಿ ಕೊಡೂದು ಈ ಕಾದಂಬರಿಕಾರರಿಗೆಲ್ಲ ರೂಢಿ. ಡೇವಿಡ್ ಕಾಪರ್‌ಫೀಲ್ಡ್‌ನ್ಯಾಗ ಮಿಕಾಬರ್ ಕುಟುಂಬನ ಆಸ್ಟ್ರೇಲಿಯಾಕ್ಕ ಕಳಿಸ್ತಾನ, ಅಲ್ಲಿ ಹೋಗಿ ಮ್ಯಾಜಿಸ್ಟ್ರೇಟ್ ಆಗಿಬಿಡ್ತಾನ. ಮನ್ಯಾಗಿನ ಜಗಳ ಮನ್ಯಾಗ ಬಗೆಹರಿಸಲಿಲ್ಲ ಅಂತ ನನ್ನ ತಕರಾರು.

ಜೇನ್_ಕಡೆಯವಳು:
ಪಿಪ್ ಬಿಟ್ಟು ಸ್ವಲ್ಪ ಹೆಣ್ಣುಮಕ್ಕಳ ಕಡೆ ಬರ್ತೀರಾ. ಶಾರ್ಲೆಟ್ ಬ್ರಾಂಟೆಯ ಜೇನ್ ಐರ್ 1847ರಲ್ಲಿ ಬಂತು, ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್‌ಗಿಂತ 13 ವರ್ಷ ಮೊದಲು, ಅದರಲ್ಲಿ ಬೆಳವಣಿಗೆ ಅನ್ನೋದು ಬೇರೆ ಥರಾನೇ ಇದೆ. ಪಿಪ್‌ಗೆ ಕಸಬು ಬಿಟ್ಟು ಮೇಲೆ ಹೋಗೋದು ಸಮಸ್ಯೆ, ಜೇನ್‌ಗೆ ದುಡೀದೇ ಇದ್ರೆ ಬದುಕೇ ಇಲ್ಲ. ಗವರ್ನೆಸ್ (ಶ್ರೀಮಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳೋಳು) ಅಂದ್ರೆ ಆಳುಗಳ ಜೊತೆಗೂ ಊಟ ಇಲ್ಲ, ಮನೆಯವರ ಜೊತೆಗೂ ಇಲ್ಲ. ಲೋವುಡ್ ಶಾಲೆಯಲ್ಲಿ ವರ್ಷಕ್ಕೆ 15 ಪೌಂಡ್ ಬರ್ತಿತ್ತು, ಗವರ್ನೆಸ್ ಆಗಿ ಹೋದ ಥಾರ್ನ್‌ಫೀಲ್ಡ್ ಮನೆಯಲ್ಲಿ 30, ಅಷ್ಟಕ್ಕೇ ಅವಳಿಗೆ ದೊಡ್ಡದು ಅನ್ಸುತ್ತೆ. (ಮೇಲೆ ಆಭರಣದ ಅಂಗಡಿಯಲ್ಲಿ ಪಿಪ್ ಮಾಡಿದ ಬಾಕಿ ಅವಳ 4 ವರ್ಷದ ಸಂಬಳ.)

ನಂಗೆ ಬ್ರಾಂಟೆ ಇಷ್ಟ ಆಗೋದು ಅವಳು ಜೇನ್‌ನ ದೇವತೆ ಮಾಡಲ್ಲ. ಚಿಕ್ಕವಳಿದ್ದಾಗ ಅತ್ತೆ ಮನೆಯಲ್ಲಿ ಹಿಂಸೆ ಪಡ್ತಿದ್ದಾಗ ಔಷಧಿ ಕೊಡೋಕೆ ಬಂದವರು ಕೇಳ್ತಾರೆ, ಬಡ ನೆಂಟರ ಮನೆ ಇದ್ರೆ ಹೋಗ್ತೀಯಾ ಅಂತ. ಬೇಡ ಅಂತಾಳೆ, ಬಡವರ ಜೊತೆ ಇರೋದು ಬೇಡ, ಅವರು ಪ್ರೀತಿಯಿಂದ ನೋಡ್ಕೊಂಡ್ರೂ ಬೇಡ. ಆಮೇಲೆ ಮಾರ್ಟನ್ ಹಳ್ಳಿಯಲ್ಲಿ ರೈತರ ಹೆಣ್ಣುಮಕ್ಕಳಿಗೆ ಪಾಠ ಹೇಳೋ ಕೆಲಸ ಸಿಕ್ಕಿದಾಗಲೂ ಮೊದಲ ದಿನ ಸಂಜೆ ಕೂತು ನಾನು ಕೆಳಗೆ ಇಳಿದುಬಿಟ್ಟೆ ಅಂತ ಅನ್ಸುತ್ತೆ ಅವಳಿಗೆ, ಅಂಥ ಭಾವನೆ ಸರಿಯಲ್ಲ ಅಂತ ತಾನೇ ಗುರುತಿಸ್ತಾಳೆ, ಇದನ್ನ ದಾಟ್ಬೇಕು ಅಂತ ನಿರ್ಧಾರ ಮಾಡ್ತಾಳೆ. ಭಾಷಣ ಇಲ್ಲ, ಸಂಜೆ ಒಬ್ಬಳೇ ಕೂತು ತನ್ನ ಜೊತೆ ಮಾಡೋ ಕೆಲಸ. ಆಮೇಲೆ ಮಡೀರಾದ ಚಿಕ್ಕಪ್ಪನಿಂದ 20,000 ಪೌಂಡ್ ಬಂದಾಗ ಏನ್ಮಾಡ್ತಾಳೆ ನೆನಪಿದ್ಯಾ? ತನ್ನ ನೆಂಟರಾದ ರಿವರ್ಸ್ ಮನೆಯ ಮೂವರ ಜೊತೆ ನಾಲ್ಕು ಭಾಗ ಮಾಡಿ ತಲಾ 5,000 ಹಂಚ್ತಾಳೆ. ಪಿಪ್ ದುಡ್ಡು ಬಂದಾಗ ಹೊಸ ಸೂಟ್ ಹೊಲಿಸಿದ.

ಇದಕ್ಕೂ ಆಗಿನ ವಿಮರ್ಶಕರು ಸುಮ್ಮನಿರಲಿಲ್ಲ, 1848ರ ಕ್ವಾರ್ಟರ್ಲಿ ರಿವ್ಯೂನಲ್ಲಿ ಎಲಿಜಬೆತ್ ರಿಗ್ಬಿ ಇದು ಕ್ರೈಸ್ತ ಧರ್ಮಕ್ಕೆ ವಿರುದ್ಧವಾದ ಕೃತಿ, ದೇವರು ಕೊಟ್ಟ ಸ್ಥಾನದ ವಿರುದ್ಧ ಗೊಣಗೋ ಪುಸ್ತಕ ಅನ್ನೋ ಅರ್ಥದಲ್ಲಿ ಬರೆದಳು.

ಕಡಲತೀರ:
ಜೇನ್ ಹಂಚಿದ್ದು ಸರಿ, ಆದ್ರೆ ದುಡ್ಡು ಬಂದ್ಮೇಲೇ ಅವಳು ಪ್ರೀತಿಸಿದ ಥಾರ್ನ್‌ಫೀಲ್ಡ್ ಯಜಮಾನ ರಾಚೆಸ್ಟರ್ ಹತ್ರ ವಾಪಸ್ ಹೋಗೋದು ಅನ್ನೋದನ್ನೂ ಮರೀಬಾರದು. ಸಮಾನವಾಗಿ ನಿಲ್ಲೋಕೆ 5,000 ಬೇಕಾಯ್ತು.

ಜೇನ್_ಕಡೆಯವಳು:
ಹೌದು ಬೇಕಾಯ್ತು, ಅದನ್ನ ಬ್ರಾಂಟೆ ಮುಚ್ಚಿಡಲ್ಲ. ನಾನೀಗ ಸ್ವತಂತ್ರಳು, ನನ್ನ ಹತ್ರ ದುಡ್ಡಿದೆ ಅಂತ ಜೇನ್ ಬಾಯಲ್ಲೇ ಹೇಳಿಸ್ತಾಳೆ. ಕೈಯಲ್ಲಿ ದುಡ್ಡಿಲ್ಲದ ಹೆಣ್ಣಿಗೆ ಮನಸ್ಸಿನ ಬೆಳವಣಿಗೆ ಒಂದೇ ಸಾಕು ಅನ್ನೋರಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಇರುವೆಸಾಲು:
ಯೂರಾಯಾ ಹೀಪ್ ಬಗ್ಗೆ ಯಾರೂ ಮಾತಾಡಿಲ್ಲ. ಡೇವಿಡ್ ಕಾಪರ್‌ಫೀಲ್ಡ್‌ನಲ್ಲಿ ಡೇವಿಡ್ ಬಾಟಲಿ ತೊಳೆಯೋ ಕೆಲಸದಿಂದ ತಪ್ಪಿಸಿಕೊಂಡು ಅತ್ತೆ ಮನೆ ಸೇರ್ತಾನೆ, ಅತ್ತೆ 1,000 ಪೌಂಡ್ ಕಟ್ಟಿ ಕಾನೂನು ಕಚೇರಿಗೆ ಸೇರಿಸ್ತಾಳೆ. ಬಡ ಗುಮಾಸ್ತ ಹುಡುಗ ಹೀಪ್ ರಾತ್ರಿ ಎಲ್ಲ ಒಬ್ಬನೇ ಕೂತು ಕಾನೂನು ಪುಸ್ತಕ ಓದ್ತಾನೆ. ಒಬ್ಬ ನಾಯಕ ಇನ್ನೊಬ್ಬ ಖಳ. ಅವನು ಕಳ್ಳಲೆಕ್ಕ ಬರೆದ, ಮೋಸ ಮಾಡಿದ, ಅದನ್ನ ಸಮರ್ಥಿಸ್ತಿಲ್ಲ. ಆದ್ರೆ 39ನೇ ಅಧ್ಯಾಯದಲ್ಲಿ ಅವನು ಹೇಳ್ತಾನೆ, ನಾನೂ ನಮ್ಮಪ್ಪನೂ ಧರ್ಮಾರ್ಥ ಶಾಲೆಯಲ್ಲಿ ಬೆಳೆದವರು, ಬೆಳಿಗ್ಗೆಯಿಂದ ರಾತ್ರಿವರೆಗೆ ನಮಗೆ ಕಲಿಸಿದ್ದು ತಗ್ಗಿ ನಡೆಯೋದು, ಇಲ್ಲಿ ಟೋಪಿ ತೆಗಿ, ಅಲ್ಲಿ ಬಗ್ಗು, ದೊಡ್ಡವರ ಮುಂದೆ ನಿನ್ನ ಜಾಗ ತಿಳ್ಕೋ ಅಂತ. ಡೇವಿಡ್‌ಗೆ ಮೊದಲ ಸಲ ಇವನು ಹೀಗೆ ಆಗಿದ್ದು ಯಾಕೆ ಅಂತ ಹೊಳೆಯುತ್ತೆ. ಹೊಳೆದು ಅಲ್ಲಿಗೇ ಬಿಡ್ತಾನೆ. 1850ರ ಡಿಕನ್ಸ್‌ಗೆ ಅಲ್ಲಿಂದ ಮುಂದೆ ಹೋಗೋಕಾಗ್ಲಿಲ್ಲ, 10 ವರ್ಷ ಆದ್ಮೇಲೆ ಹೋದ. ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ ಶುರು ಮಾಡೋ ಮೊದಲು, ಅದನ್ನೇ ಮತ್ತೆ ಬರೀಬಾರದು ಅಂತ ಕಾಪರ್‌ಫೀಲ್ಡ್ ಪೂರ್ತಿ ಮತ್ತೆ ಓದಿದ್ನಂತೆ.

ಮಳೆನಾಡು_ಓದು:
ಧೈರ್ಯ ಅಂದ್ರೆ ಹಾರ್ಡಿ ಬಿಡಿ. 1895ರ ಜೂಡ್ ದಿ ಅಬ್ಸ್‌ಕ್ಯೂರ್‌ನಲ್ಲಿ ಕಲ್ಲುಕುಟಿಗ ಹುಡುಗ ತಾನೇ ಲ್ಯಾಟಿನ್, ಗ್ರೀಕ್ ಕಲಿತು ಯೂನಿವರ್ಸಿಟಿಗೆ ಬರೀತಾನೆ, ಕಾಲೇಜಿನ ಮುಖ್ಯಸ್ಥ ಉತ್ತರ ಕಳಿಸ್ತಾನೆ, ನಿನ್ನ ಕಸಬಲ್ಲೇ ಇದ್ರೆ ನಿನಗೆ ಒಳ್ಳೇದು ಅಂತ. ಜೂಡ್ ಆ ಕಾಲೇಜಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬೈಬಲ್‌ನ ಯೋಬನ ಮಾತು ಬರೀತಾನೆ, ನಿಮಗಿರೋ ಬುದ್ಧಿ ನನಗೂ ಇದೆ, ನಾನು ನಿಮಗಿಂತ ಕಡಿಮೆ ಅಲ್ಲ ಅಂತ. ಹಾರ್ಡಿ ಅಪ್ಪ ಕೂಡ ಕಲ್ಲುಕೆಲಸದವನು. ದುಡಿಯೋ ಜನಕ್ಕೆ ಅಂತ ರಸ್ಕಿನ್ ಹಾಲ್ ಆಕ್ಸ್‌ಫರ್ಡ್‌ನಲ್ಲಿ ಶುರುವಾಗಿದ್ದು 1899ರಲ್ಲಿ, ಜೂಡ್ ಬಂದ 4 ವರ್ಷಕ್ಕೆ.

ಹಳೇಪುಸ್ತಕ:
ಎಲ್ಲರದ್ದೂ ಓದಿದೆ, ತುಂಬಾ ಥ್ಯಾಂಕ್ಸ್. ಇರುವೆಸಾಲು ಹೇಳಿದ ದುಡ್ಡಿನ ಸುತ್ತು ನನ್ನ ಪ್ರಶ್ನೆಯನ್ನೇ ತಿರುಗಿಸ್ತು. ಪಿಪ್ ಎಲ್ಲಿಗೆ ಹೋದ ಅನ್ನೋದಕ್ಕಿಂತ ಯಾರ ದುಡಿಮೆ ಮೇಲೆ ನಿಂತಿದ್ದೀನಿ ಅಂತ ಗೊತ್ತಿದ್ದು ಹೋದ್ನಾ ಅನ್ನೋದು ಕೇಳ್ಬೇಕು. ಕೈರೋಗೆ ಹೋಗೋ ಮೊದಲು ಜೋ ಹತ್ರ ಹೇಳ್ತಾನಲ್ಲ, ನನ್ನನ್ನ ಜೈಲಿಂದ ತಪ್ಪಿಸೋಕೆ ಕೊಟ್ಟ ದುಡ್ಡು ದುಡಿದು ಕಳಿಸೋವರೆಗೂ ಸುಮ್ಮನಿರಲ್ಲ ಅಂತ. ಹಿಂದೆ ಜೋನ ನೋಡೋಕೆ ಹೋಗದೇ ತಪ್ಪಿಸ್ಕೊಂಡಿದ್ದಕ್ಕೆ ಮೀನು ಮತ್ತೆ ಒಂದು ಪೀಪಾಯಿ ಸಿಂಪಿ ಕಳಿಸಿ ಕೈ ತೊಳ್ಕೊಂಡಿದ್ದವನು ಈಗ ಲೆಕ್ಕ ಇಟ್ಕೊಂಡು ದುಡೀತಾನೆ. ಕಡಲತೀರ ಹೇಳಿದ ಎರಡು ದೃಶ್ಯದ ಜೊತೆ ನಾನು ಇದನ್ನೂ ಸೇರಿಸ್ತೀನಿ. ಆದ್ರೂ ಜೋ ಬಾಯಿಗೆ ವಾಪಸ್ ಬಂದ ಆ ಸರ್ ನನ್ನನ್ನ ಬಿಡ್ತಿಲ್ಲ, ಅದಕ್ಕೆ ಯಾರ ಹತ್ರಾನೂ ಉತ್ತರ ಸಿಕ್ಕಿಲ್ಲ ಇನ್ನೂ.

ಓದ್ತಾಇದೀನಿ:
ಸ್ಪಾಯ್ಲರ್ ಎಲ್ಲ ಓದಿಬಿಟ್ಟೆ ಪರವಾಗಿಲ್ಲ. ಎರಡು ಎಂಡಿಂಗ್ ಇದೆ ಅಂತಾರಲ್ಲ, ಯಾವುದು ಓದ್ಬೇಕು?

ಕೆಂಟ್_ಕನ್ನಡಿಗ:
ಪ್ರಿಂಟ್ ಆಗಿರೋದು ಎರಡನೇದು, ಹಾಳುಬಿದ್ದ ತೋಟದಲ್ಲಿ ಪಿಪ್ ಎಸ್ಟೆಲ್ಲಾ ಮತ್ತೆ ಸಿಗೋದು. ಮೊದಲು ಬರೆದಿದ್ದರಲ್ಲಿ ಲಂಡನ್‌ನ ಪಿಕಾಡಿಲಿ ಬೀದಿಯಲ್ಲಿ ಒಂದು ನಿಮಿಷ ಮಾತಾಡಿ ಬೇರೆ ಆಗ್ತಾರೆ, ಅವಳಿಗೆ ಅಷ್ಟೊತ್ತಿಗೆ ಒಬ್ಬ ಡಾಕ್ಟರ್ ಜೊತೆ ಮತ್ತೆ ಮದುವೆ ಆಗಿರುತ್ತೆ, ಪಿಪ್ ಜೊತೆಗಿರೋ ಜೋ ಮಗನನ್ನ ಅವನದ್ದೇ ಮಗ ಅಂದ್ಕೊಳ್ತಾಳೆ. ಲೇಖಕ ಬುಲ್ವರ್ ಲಿಟನ್ ಹೇಳಿದ ಅಂತ ಡಿಕನ್ಸ್ ಬದಲಾಯಿಸಿದ. ಈಗಿನ ಎಷ್ಟೋ ಎಡಿಶನ್‌ಗಳಲ್ಲಿ ಹಳೇದು ಕೊನೇಲಿ ಅನುಬಂಧವಾಗಿ ಇರುತ್ತೆ. ಎರಡೂ ಓದಿ, ಆದ್ರೆ ಅದಕ್ಕಿಂತ ಮೊದಲು 27 ಮತ್ತೆ 57ನೇ ಅಧ್ಯಾಯ ಒಟ್ಟಿಗೆ ಓದಿ, ಜೋ ಬರೋ ಎರಡು ಸಲ. ಓದಿ ಇಲ್ಲೇ ಬರೀರಿ, ಹಳೇಪುಸ್ತಕ ಅವರ ಕೊನೇ ಮಾತಿಗೆ ನಿಮಗೇನನ್ಸಿತು ಅಂತ.